ಒಂದು ಅಂಕ ಕೊಟ್ಟ ಹುಡುಗಿ

"ಮಕ್ಕಳು ಕೊಟ್ಟ ಅಂಕ ನೋಡಿ ಟೀಚರ್. ಹೀಗಾದರೆ ಮುಂದಿನ ಸೆಮಿಸ್ಟರಿಗೆ ನಿಮ್ಮನ್ನು ತೆಗೆದುಕೊಳ್ಳುವುದು ಕಷ್ಟ ಉಂಟು," ಎನ್ನುತ್ತಾ ಪ್ರಿನ್ಸಿಪಾಲರು ಹಾಳೆಗಳ ಕಟ್ಟನ್ನು ನನ್ನ ಮುಂದೆ ಸರಿಸಿದರು. ಕಾಸರಗೋಡಿನ ಕಾಲೇಜೊಂದರಲ್ಲಿ ನಾನಾಗ ಅರ್ಥಶಾಸ್ತ್ರದ ಗೆಸ್ಟ್ ಲೆಕ್ಚರರ್. 'ಪಾಠ ಅರ್ಥವಾಗುತ್ತದೆಯೇ' ಎಂಬ ಪ್ರಶ್ನೆಗೆ ಹನ್ನೊಂದು ಮಂದಿ ಐದರಲ್ಲಿ ಒಂದೇ ಅಂಕ ಕೊಟ್ಟಿದ್ದರು. ಯಾವ ಹಾಳೆಯಲ್ಲೂ ಹೆಸರಿರಲಿಲ್ಲ.

ಆಫೀಸಿನಲ್ಲಿ ವಿಷಯ ಕೇಳಿದ ನನ್ನ ವಿದ್ಯಾರ್ಥಿನಿ ಶ್ವೇತಾ ಅಷ್ಟರಲ್ಲಿ ಒಳಗೆ ಬಂದಳು. ಕನ್ನಡದವರೇ ಹೆಚ್ಚಿರುವ ಹತ್ತಿರದ ಬೆಳ್ಳೂರಿನಿಂದ ಬರುತ್ತಿದ್ದ ಅವಳು ಕ್ಲಾಸಿನಲ್ಲಿ ಎಂದೂ ಬಾಯಿ ತೆರೆದವಳಲ್ಲ.

"ಒಂದು ಹಾಕಿದ್ದು ನಾವು ಸರ್, ಕನ್ನಡ ಮೀಡಿಯಂನವರು. ಟೀಚರ್ ಎಲ್ಲ ಮಲಯಾಳದಲ್ಲೇ ವಿವರಿಸುದು. ನಮಗೆ ಎಂತದೂ ಅರ್ಥ ಆಗುದಿಲ್ಲ. ಅವರ ಕೆಲಸಕ್ಕೇ ತೊಂದರೆ ಆಗ್ತದೆ ಅಂತ ಗೊತ್ತಿರಲಿಲ್ಲ."

"ಹಾಗಾದರೆ ಬೇರೆ ಅಂಕ ಬರೆದು ಕೊಡ್ತೀಯಾ?" ಪ್ರಿನ್ಸಿಪಾಲರು ಕೇಳಿದರು.

ಅವಳು ಹಾಳೆಗಳನ್ನು ಮುಟ್ಟಲಿಲ್ಲ. "ಇಲ್ಲ ಸರ್. ಬರೆದದ್ದು ಸುಳ್ಳಲ್ಲ. ಆದರೆ ಟೀಚರಿಗೆ ಕನ್ನಡ ಬರ್ತದೆ. ಅವರನ್ನು ತೆಗೀಬೇಡಿ."

ಮನೆಯಲ್ಲಿ ಕನ್ನಡವನ್ನೇ ಆಡುವವಳು ನಾನು. ಮಲಯಾಳದಲ್ಲಿ ಹೇಳಿದರೆ ಹೆಚ್ಚಿನವರಿಗೆ ತಲುಪುತ್ತದೆ ಎಂದುಕೊಂಡು, ಉಳಿದವರನ್ನು ಒಮ್ಮೆಯೂ ಕೇಳಿರಲಿಲ್ಲ. "ಅವಳು ಹೇಳುವುದು ಸರಿ ಸರ್," ಎಂದೆ. ಪ್ರಿನ್ಸಿಪಾಲರು ಹಾಳೆಗಳ ಕಟ್ಟನ್ನು ತಮ್ಮತ್ತ ಎಳೆದುಕೊಂಡರು. ಕೊನೆಗೆ, ಇನ್ನೊಂದು ಸೆಮಿಸ್ಟರ್ ನೋಡುವ ಎಂದರು.

ಮುಂದೆ ಪ್ರತಿ ಪಾಠವನ್ನೂ ಎರಡು ಭಾಷೆಗಳಲ್ಲಿ ಹೇಳಿದೆ, ಕೆಲಸ ಉಳಿಯಿತು. ಶ್ವೇತಾ ಆ ದಿನ ಹೆದರಿ ಅಂಕ ತಿದ್ದಿದ್ದರೂ ಕೆಲಸ ಬಹುಶಃ ಉಳಿಯುತ್ತಿತ್ತು. ಆದರೆ ಆಗ ಕನ್ನಡದ ಮಕ್ಕಳು ಮೊದಲಿನಂತೆಯೇ ಏನೂ ತಿಳಿಯದೆ ನನ್ನೆದುರು ಸುಮ್ಮನೆ ಕೂತಿರುತ್ತಿದ್ದರು, ನಾನು ಅದನ್ನು ಗಮನವೆಂದೇ ತಿಳಿದಿರುತ್ತಿದ್ದೆ.