ತಿಪ್ಪೆ ಮಣ್ಣಿನ ಯಜಮಾನ

ಹುಣಸೂರಿನ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಶಶಿಕುಮಾರನದು ಗುತ್ತಿಗೆ ನೌಕರಿ. ರೈತರು ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದು. ತನ್ನೂರು ಗಾವಡಗೆರೆಯಲ್ಲಿ ಯಾರಾದರೂ ಕೇಳಿದರೆ ಮಾತ್ರ ‘ಸೈಂಟಿಸ್ಟು’ ಅನ್ನುತ್ತಿದ್ದ. ಇನ್ನೊಂದಿಷ್ಟು ಹೊತ್ತು ನಿಂತರೆ ‘ಹಾಸ್ಯ ಸಾಹಿತಿ’ ಅಂತಲೂ ಸೇರಿಸುತ್ತಿದ್ದ. ವಾರಪತ್ರಿಕೆಯಲ್ಲಿ ಅಚ್ಚಾದ ತನ್ನ ನಗೆಬರಹವನ್ನು ದೊಡ್ಡಮ್ಮನಿಗೆ ಓದಿ ಹೇಳಿದರೆ, ಆಕೆ ಕೊನೇತನಕ ಕೇಳಿ, “ಪಾಪ, ಯಾರ್ ಸತ್ತೋದ್ರ್ಲಾ ಇದ್ರಲ್ಲಿ?” ಅಂದಿದ್ದರು.

ಆ ಕೇಂದ್ರದ ನಿಜವಾದ ಸೈಂಟಿಸ್ಟು ಹಾರನಹಳ್ಳಿಯ ಮಧುಶ್ರೀ. ವಾರವೆಲ್ಲ ರಂಜಕ, ಪೊಟ್ಯಾಷ್ ಅಳೆಯುವವಳು, ಭಾನುವಾರ ಮೈಕು ಹಿಡಿದು ನಗಿಸುವವಳು. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆವರೆಗೂ ಕರೆಯುತ್ತಿದ್ದರು. ಶಶಿ ಅವಳ ವಿಡಿಯೊಗಳನ್ನು ಕದ್ದು ನೋಡುತ್ತಿದ್ದ. ನಗು ಬಂದ ಕಡೆ ನಿಲ್ಲಿಸಿ, “ಇದೇನ್ ಮಹಾ” ಅಂದುಕೊಂಡು ಮತ್ತೆ ಅದನ್ನೇ ಹಾಕುತ್ತಿದ್ದ.

ಒಮ್ಮೆ ಅವಳು ತನ್ನ ಅಪ್ಪನ ಜಮೀನಿನ ಮಣ್ಣನ್ನೂ ಪರೀಕ್ಷಿಸಿದಳು. ಚೆನ್ನಾಗಿಯೇ ಬಂತು. ಶಶಿಗೆ ಅದನ್ನೂ ಸಹಿಸಲಾಗಲಿಲ್ಲ. ತಮ್ಮ ಹೊಗೆಸೊಪ್ಪಿನ ಹೊಲದ್ದೆಂದು ತಾನೂ ಒಂದು ಚೀಲ ತಂದ. “ಮರದ ಬುಡದ್ದು ಬೇಡ, ತಿಪ್ಪೆ ಪಕ್ಕದ್ದು ಬೇಡ” ಎಂದು ರೈತರಿಗೆ ದಿನಾ ಪಾಠ ಹೇಳುವವನು ಸೀದಾ ತಿಪ್ಪೆಯ ಬುಡಕ್ಕೇ ಕೈ ಹಾಕಿದ್ದ.

ಫಲಿತಾಂಶ ನೋಡಿ ಮಧುಶ್ರೀ ಕನ್ನಡಕ ಮೇಲೇರಿಸಿದಳು. “ಶಶಿ, ನಿಮ್ಮ ಹೊಲಕ್ಕೆ ಗೊಬ್ಬರ ಬೇಡ ಕಣ್ರೀ. ಹೊಲಾನೇ ಮೂಟೆ ಕಟ್ಟಿ ಗೊಬ್ಬರದಂಗಡೀಲಿ ಮಾರ್ಬೋದು.”

“ನಮ್ಮಪ್ಪ ಅಷ್ಟು ಚೆನ್ನಾಗಿ ನೋಡ್ಕೊಂಡವ್ರೆ ಮೇಡಂ.”

“ಕೋಳಿಗಳೂ ಚೆನ್ನಾಗಿ ನೋಡ್ಕೊಂಡವೆ,” ಅಂದು ಜರಡಿಗೆ ಅಂಟಿದ್ದ ಪುಕ್ಕವನ್ನು ತೆಗೆದು ಅವನ ಕೈಗಿಟ್ಟಳು.

ಮುಂದಿನ ಭಾನುವಾರ ಕೆ.ಆರ್. ನಗರದಲ್ಲಿ ರೈತರ ಸಮಾವೇಶ, ಅಲ್ಲಿ ಅವಳ ಹಾಸ್ಯ. ಪುಕ್ಕದ ಕಥೆ ಬಾರದೆ ಇರದು. ಹೆಸರು ಹೇಳಿಬಿಟ್ಟರೆ ಗಾವಡಗೆರೆಯ ಸೈಂಟಿಸ್ಟು ಅಲ್ಲಿಗೆ ಮುಗಿದ. ಹೇಳಬೇಡಿ ಅಂತ ಕೇಳಿಕೊಳ್ಳೋಣವೆಂದರೆ ಹೊಟ್ಟೆಕಿಚ್ಚು ಬಿಡಲಿಲ್ಲ. ಹೋಗಿ ಕೊನೆಯ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಅವನೂರಿನವರೇ ಆದ ಅಂಕಯ್ಯ.

ಅವಳು ಹೇಳಿಯೇಬಿಟ್ಟಳು. ತಿಪ್ಪೆ, ಮೂಟೆ, ಪುಕ್ಕ, ಎಲ್ಲವನ್ನೂ. ಆದರೆ “ಯಾರೋ ಒಬ್ಬ ಯಜಮಾನರು” ಅಂದಳು. ಜನ ಬಿದ್ದು ಬಿದ್ದು ನಕ್ಕರು. ಅಂಕಯ್ಯ ಟವಲಿನಲ್ಲಿ ಕಣ್ಣೊರೆಸಿಕೊಂಡರು.

ಮರ್ಯಾದೆ ಉಳಿಯಿತು ಅಂತ ಶಶಿ ಉಸಿರು ಬಿಟ್ಟ. ಬಿಟ್ಟ ಉಸಿರಿನ ಹಿಂದೆಯೇ ಉರಿ ಹತ್ತಿತು. ತಿಪ್ಪೆ ಕೆದಕಿದವನು ತಾನು. ಸುಳ್ಳು ಹೇಳಿದವನು ತಾನು. ಪುಕ್ಕವೂ ತಮ್ಮ ಮನೆ ಕೋಳಿಯದೇ. ನಗು ಮಾತ್ರ ಅವಳಿಗೆ? ಎದ್ದು ನಿಂತೇಬಿಟ್ಟ.

“ಆ ಯಜಮಾನ ನಾನೇ ಕಣ್ರೀ. ಅಲ್ಲೇ ಮಣ್ಣು ಜರಡಿ ಹಿಡಿಯೋ ಕೆಲ್ಸ ನಂದು.”

ಈ ಸಲದ ನಗು ಅವಳಿಗೆ ಬಿದ್ದದ್ದಕ್ಕಿಂತ ದೊಡ್ಡದು. ವೇದಿಕೆ ಮೇಲೆ ಮಧುಶ್ರೀಯೂ ಮೈಕು ಪಕ್ಕಕ್ಕೆ ಹಿಡಿದು ನಗುತ್ತಿದ್ದಳು. ಶಶಿ ಎದೆಯುಬ್ಬಿಸಿಕೊಂಡು ಕೂತ.

ಅಂಕಯ್ಯ ಅವನ ತೊಡೆ ತಟ್ಟಿದರು. “ಸಂದಾಗ್ ಏಳ್ದೆ ಕಣ್ಲಾ. ಇದ್ನೂ ಆ ಮೇಡಮ್ಮೇ ಬರ್ಕೊಟ್ಟಿದ್ರಾ?”