ಸ್ಪ್ಲಿಟ್ ಕೋವ್ ಸ್ಟೇಷನ್ನಿನ ಸಾಮಾನು

ಆಬ್ನರ್ ಸ್ಟಕ್‌ಲೆಸ್ ನಮ್ಮ ಸ್ಪ್ಲಿಟ್ ಕೋವಿನ ಕವಲು ಹಳಿಯಲ್ಲಿ ಮೂವತ್ತೆಂಟು ವರ್ಷ ದುಡಿದವರು. ಕೊನೆಯ ಇಪ್ಪತ್ತು ವರ್ಷ ಗ್ಯಾಂಗಿನ ಮೇಸ್ತ್ರಿ. ನಮ್ಮಲ್ಲಿ ವಯಸ್ಸಾದವರನ್ನು, ನೆಂಟಸ್ತನ ಇರಲಿ ಬಿಡಲಿ, ಮಾವ ಅತ್ತೆ ಎಂದೇ ಕರೆಯುವುದು. ಹಾಗಾಗಿ ನನಗೂ ಅವರು ಆಬ್ನರ್ ಮಾವ, ಅವರ ಹೆಂಡತಿ ಫೀನಾ ಅತ್ತೆ. ನಮ್ಮ ಎರಡು ಮನೆಗಳ ನಡುವೆ ಒಂದು ಬೇಲಿ ಇತ್ತು, ಅದರಲ್ಲಿ ಎರಡು ಹಲಗೆ ಇರಲಿಲ್ಲ. ಅವರ ಅಡುಗೆಮನೆಯ ಮಾತೆಲ್ಲ ನನಗೆ ಗೊತ್ತಿರುವುದು ಹೀಗೆ.

ಹೊಳೆಯ ಸೇತುವೆಯಿಂದ ಆಚೆಯ ಜೌಗಿನವರೆಗೆ ಏಳು ಮೈಲಿ ಹಳಿ ಅವರ ಪಾಲಿನದು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದರೆ ಹಳಿ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ತಗ್ಗುತ್ತದೆ. ತಗ್ಗಿದಲ್ಲಿ ಹಳಿಯ ಕೆಳಗೆ ತೆಳ್ಳನೆಯ ಮರದ ಚಕ್ಕೆ ಕೊಟ್ಟು ಸಮ ಮಾಡಬೇಕು. ಹಿಮ ಕರಗಿ ನೆಲ ಇಳಿಯುತ್ತ ಬಂದ ಹಾಗೆ ಆ ಚಕ್ಕೆಗಳನ್ನು ಒಂದೊಂದಾಗಿ ತೆಗೆಯಬೇಕು. ಎಲ್ಲಿ ಎಷ್ಟು ದಪ್ಪದ ಚಕ್ಕೆ ಇದೆ ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ರೈಲು ಬರುವ ಹೊತ್ತಿಗೆ ಊಟಕ್ಕೆ ಕೂತಿದ್ದರೆ ಮುಳ್ಳುಚಮಚ ಎತ್ತಿದ್ದು ಎತ್ತಿದ ಹಾಗೇ ಇರುತ್ತಿತ್ತು.

"ನಾನು ಏನಾದ್ರೂ ಹೇಳಿದ್ರೆ ಕಿವಿ ಕೇಳಿಸಲ್ಲ. ಎರಡು ಮೈಲಿ ಆಚೆ ಒಂದು ಬೋಲ್ಟು ಸಡಿಲ ಆದ್ರೆ ಕೇಳಿಸತ್ತೆ" ಎನ್ನುತ್ತಿದ್ದರು ಫೀನಾ ಅತ್ತೆ.

ಅವರ ಪ್ರಾಮಾಣಿಕತೆ ಊರಿಗೆ ಒಂದು ತಮಾಷೆಯಾಗಿತ್ತು. ರೈಲು ಬರುವ ಯಾವ ಊರನ್ನಾದರೂ ನೋಡಿ, ಕೊಟ್ಟಿಗೆ, ಸೌದೆಮನೆ, ದೋಣಿಯ ತಳ, ಎಲ್ಲಕ್ಕೂ ಒಂದೇ ಕೆಂಪು, ರೈಲಿನ ಡಬ್ಬಿಗಳಿಗೆ ಬಳಿಯುವ ಕೆಂಪು. ಅದು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ಆಬ್ನರ್ ಮಾವನ ಮನೆಯಲ್ಲಿ ಮಾತ್ರ ಆ ಬಣ್ಣದ ಒಂದು ಗೆರೆಯೂ ಇರಲಿಲ್ಲ. ಅವರ ಗ್ಯಾಂಗಿನಲ್ಲೇ ಇದ್ದ ಲೂ ಹಿಸ್ಕಾಕ್, ಹೊಸಬರು ದಾರಿ ಕೇಳಿದರೆ ಹೇಳುತ್ತಿದ್ದ: "ರೈಲ್ವೆ ಮೇಸ್ತ್ರಿ ಮನೆನಾ? ಸುಲಭ. ರೈಲ್ವೆ ಬಣ್ಣ ಇಲ್ದೇ ಇರೋದು ಅದೊಂದೇ."

ಆಮೇಲೆ ನಮ್ಮ ಕವಲು ಹಳಿ ಮುಚ್ಚಿತು. ಕೊನೆಯ ರೈಲು ಹೋದದ್ದು ಅಕ್ಟೋಬರಿನಲ್ಲಿ. ಮರುವಾರ ಊರು ಸ್ಟೇಷನ್ನನ್ನು ಖಾಲಿ ಮಾಡಿತು. ಅದನ್ನು ಕಳ್ಳತನ ಎಂದು ಆಗ ಯಾರೂ ಅಂದುಕೊಳ್ಳಲಿಲ್ಲ. ಸತ್ತವರ ಮನೆಯಿಂದ ನೆನಪಿಗೆ ಒಂದು ಬಟ್ಟಲು ತಂದುಕೊಳ್ಳುವುದಿಲ್ಲವೇ, ಹಾಗೆ. ಲೂ ಮತ್ತು ಅವನ ತಮ್ಮ ಕಾಯುವ ಕೋಣೆಯ ಉದ್ದ ಬೆಂಚು ಹೊತ್ತುಕೊಂಡು ಹೋದರು. ಒಲೆ ಯಾರದೋ ಬಲೆ ಹೆಣೆಯುವ ಚಪ್ಪರಕ್ಕೆ ಹೋಯಿತು. ಟಿಕೆಟ್ ಕಿಟಕಿಯ ಹಿತ್ತಾಳೆ ಸರಳು ಅಂಗಡಿಯ ಡಲ್ಸಿಯ ಮನೆ ಸೇರಿತು. ಬಾಗಿಲ ಮೇಲಿನ ದೀಪವನ್ನು ನಾನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದೆ. ಆ ವಾರವೆಲ್ಲ ಆಬ್ನರ್ ಮಾವ ಕಿಟಕಿಯ ಪರದೆ ಎಳೆದುಕೊಂಡು ಒಳಗೇ ಇದ್ದರು.

ಮರುವರ್ಷ ಬೇರೆ ಊರಿನವರು ಬಂದು ಹಳಿ ಕಿತ್ತರು. ಉಳಿದದ್ದು ಜಲ್ಲಿಯ ದಾರಿ, ಹೊಳೆಯಲ್ಲಿ ಸೇತುವೆಯ ಕಲ್ಲುಕಂಬಗಳು, ಬೀಗ ಹಾಕಿದ ಬರೀ ಸ್ಟೇಷನ್. ಜಲ್ಲಿಯ ಮೇಲೆ ಬೇಸಿಗೆಯಲ್ಲಿ ಹಣ್ಣು ಕೀಳುವವರು, ಚಳಿಗಾಲದಲ್ಲಿ ಹಿಮದ ಬೈಕಿನವರು ಓಡಾಡುತ್ತಿದ್ದರು. ಕೆಲಸವಿಲ್ಲದ ಆಬ್ನರ್ ಮಾವ ಮಾತ್ರ ದಿನವೂ ಸನಿಕೆ ಹಿಡಿದು ಹೋಗಿ ಮೋರಿಗಳಿಗೆ ಕಟ್ಟಿಕೊಂಡ ಕಸ ತೆಗೆದು ಬರುತ್ತಿದ್ದರು.

ಐದು ವರ್ಷ ಕಳೆದ ಮೇಲೆ ಶರತ್ಕಾಲದಲ್ಲಿ ಪಟ್ಟಣದ ಸರಕಾರಿ ಕಚೇರಿಯಿಂದ ಪತ್ರ ಬಂತು. ಸ್ಟೇಷನ್ನನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರಂತೆ. ಒಳಗೆ ಮೊದಲಿನ ಸಾಮಾನು ಇದ್ದರೆ ಮಾತ್ರ ಹಾಗೇ ಉಳಿಸಿ ದಾರಿಹೋಕರ ತಂಗುದಾಣವಾಗಿ ಊರಿಗೇ ಬಿಡುತ್ತಾರಂತೆ. ನೋಡಲು ಜನವರಿ ಹತ್ತಕ್ಕೆ ಒಬ್ಬ ಅಧಿಕಾರಿ ಬರುತ್ತಾರೆ.

ಆಬ್ನರ್ ಮಾವ ಆ ಪತ್ರ ಓದಿ ನೆಟ್ಟಗೆ ಡಲ್ಸಿಯ ಅಂಗಡಿಗೆ ಹೋದರು. ಒಂದು ಹಾಳೆ ಕೇಳಿ ಪಡೆದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು: "ಸ್ಟೇಷನ್ನಿನಿಂದ ಸಾಮಾನು ತೆಗೆದುಕೊಂಡು ಹೋದವರು ನನಗೆ ತಂದುಕೊಡಬೇಕು. ಏನೂ ಕೇಳುವುದಿಲ್ಲ. ಎ. ಸ್ಟಕ್‌ಲೆಸ್, ಮೇಸ್ತ್ರಿ."

ಇಂಥ ತಪ್ಪು ಅವರು ಜನ್ಮದಲ್ಲಿ ಮಾಡಿರಲಿಲ್ಲ. ನಮ್ಮಲ್ಲಿ ಯಾರೂ ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ, ಯಾರೂ ಕೊಟ್ಟದ್ದನ್ನು ವಾಪಸ್ಸು ಕೇಳುವುದಿಲ್ಲ. ಸನಿಕೆ ಎರವಲು ಹೋದರೆ ಅದು ತಾನಾಗಿ ಬರುವವರೆಗೆ ಹಿಮವನ್ನು ಕಾಲಿಂದ ತಳ್ಳುತ್ತೇವೆ, ಬಾಯಿ ಬಿಡುವುದಿಲ್ಲ. ಅಂಥ ಊರಿನ ಅಂಗಡಿ ಬಾಗಿಲಿಗೆ ಎಲ್ಲರನ್ನೂ ಕಳ್ಳರೆಂದು ಬರೆದು ಅಂಟಿಸಿದಂತಾಯಿತು.

"ಏನೂ ಕೇಳಲ್ವಂತೆ! ಎಷ್ಟು ದೊಡ್ಡ ಮನಸ್ಸು!" ಎಂದ ಲೂ, ಹಾಳೆಯ ಮುಂದೆ ನಿಂತು. "ನಾನು ಪಾಪನಿವೇದನೆ ಮಾಡೋದಾದ್ರೆ ಪಾದ್ರಿ ಹತ್ರ ಮಾಡ್ತೀನಿ, ಮೇಸ್ತ್ರಿ ಹತ್ರ ಅಲ್ಲ."

"ನನ್ನ ಬಾಗಿಲಿಗೇ ಅಂಟಿಸ್ಬೇಕಿತ್ತಾ?" ಎಂದಳು ಡಲ್ಸಿ. "ಬಂದೋರೆಲ್ಲ ಓದಿ ನನ್ನ ಮುಖ ನೋಡ್ತಾರೆ."

ನಾನು ಒಂದು ಪೌಂಡು ಉಪ್ಪು ಹಾಕಿದ ಹಂದಿಮಾಂಸ ಕೇಳಿ ಸುಮ್ಮನೆ ಬಂದೆ. ನನ್ನ ಮಂಚದ ಕೆಳಗೂ ಒಂದು ದೀಪ ಇತ್ತಲ್ಲ.

ಒಂದು ತಿಂಗಳಾದರೂ ಒಂದು ಮೊಳೆಯೂ ಬರಲಿಲ್ಲ. ಆಬ್ನರ್ ಮಾವ ಎದುರಾದರೆ ಜನ ಹವೆಯ ಮಾತನ್ನೂ ಆಡದೆ ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಕೊನೆಗೆ ಫೀನಾ ಅತ್ತೆಯೇ ಹೋಗಿ ಆ ಹಾಳೆ ಕಿತ್ತು ತಂದರು. "ಹೋಗಿ, ಲೂ ಮನೇಲಿ ಕೂತು ಟೀ ಕುಡಿದು ಬನ್ನಿ. ಬೆಂಚಿನ ಸುದ್ದಿ ಎತ್ಬೇಡಿ" ಎಂದು ಗಂಡನನ್ನು ಅಟ್ಟಿದರು.

ಲೂನ ಹೆಂಡತಿಗೆ ನೂಲು ಕೊಡಲು ಹೋಗಿದ್ದ ನಾನು ಆ ಹೊತ್ತಿಗೆ ಅಲ್ಲೇ ಇದ್ದೆ. ಆಬ್ನರ್ ಮಾವ ಒಳಗೆ ಬಂದರು. ಕೂರಲು ಖಾಲಿ ಇದ್ದದ್ದು ಅದೇ ಬೆಂಚು. ಅದರ ಮೇಲೆ ಕೂತರು. ಬೆನ್ನಿನ ಹಲಗೆಯಲ್ಲಿ ರೈಲ್ವೆಯವರ ಅಕ್ಷರಗಳು ಕೊರೆದದ್ದು ಎದುರಿಗೆ ಕೂತ ನನಗೂ ಕಾಣುತ್ತಿತ್ತು.

"ಟೀಗೆ ಡಬ್ಬಿ ಹಾಲು ಸಾಕಾ, ಮಾವ?" ಎಂದು ಕೇಳಿದ ಲೂ.

"ಸಾಕಪ್ಪ."

"ಗಾಳಿ ಪೂರ್ವದ ಕಡೆಯಿಂದ."

"ಹೂಂ. ಹಿಮ ಬರತ್ತೆ."

ಕಾಕಂಬಿ ಬನ್ನು ತಿಂದರು, ಎರಡು ಲೋಟ ಟೀ ಕುಡಿದರು. ಎದ್ದು ಹೊರಡುವಾಗ ಬೆಂಚಿನ ಕೈಯನ್ನು ಒಮ್ಮೆ ಅಲುಗಾಡಿಸಿ ನೋಡಿದರು, ಹಳಿಯ ಬೋಲ್ಟು ನೋಡುವ ಹಾಗೆ. "ಗಟ್ಟಿ ಇದೆ" ಎಂದಷ್ಟೇ ಹೇಳಿ ಹೋದರು. ಅವರು ಹೋದ ಮೇಲೆ ಲೂ ಆ ಬೆಂಚಿನ ಮೇಲೆ ಕೂರಲಿಲ್ಲ, ಸೌದೆ ಪೆಟ್ಟಿಗೆಯ ಮೇಲೆ ಕೂತ. "ಕೊಡಬಾರದು ಅಂತಲ್ಲ ಕಣೇ ಬ್ಲಾಂಚ್" ಎಂದ ನನಗೆ. "ಹೊತ್ಕೊಂಡು ಹೋಗಿ ಅವರ ಮುಖಕ್ಕೆ ಎದುರಾಗಿ ಇಳಿಸೋದು ಹೆಂಗೆ? ಮೂವತ್ತು ವರ್ಷ ಒಂದು ಮೊಳೆ ಮುಟ್ಟದ ಮನುಷ್ಯ."

ಆ ಮಾತನ್ನು ಬೇಲಿಯ ಸಂದಿಯಿಂದ ಹೋಗಿ ಫೀನಾ ಅತ್ತೆಗೆ ಹೇಳಿದೆ. ಅವರು ಕ್ರಿಸ್‌ಮಸ್ಸಿನ ಕೇಕಿಗೆ ಒಣದ್ರಾಕ್ಷಿ ಬಿಡಿಸುತ್ತಿದ್ದರು.

"ಮುಖಾನೇ ಕಷ್ಟ ಆದ್ರೆ ಮುಖ ಇಲ್ದೇ ಬರ್ಲಿ" ಎಂದರು. "ಈ ಸಲ ವೇಷದೋರಿಗೆ ನಮ್ಮನೆ ಬಾಗಿಲು ಹನ್ನೆರಡು ದಿನಾನೂ ತೆಗೆದಿರತ್ತೆ ಅಂತ ಅಂಗಡೀಲಿ ಹೇಳು. ಬೇರೇನೂ ಹೇಳ್ಬೇಡ."

ನಾನು ಅಷ್ಟೇ ಹೇಳಿದೆ. ಡಲ್ಸಿ ಸಕ್ಕರೆ ತೂಗುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ತೂಗಿದಳು.

ಕ್ರಿಸ್‌ಮಸ್ಸಿನ ಹನ್ನೆರಡು ದಿನ ನಮ್ಮಲ್ಲಿ ದೊಡ್ಡವರೇ ವೇಷ ಕಟ್ಟುವುದು. ಗಂಡಸರು ಲಂಗ ಉಡುತ್ತಾರೆ, ಹೆಂಗಸರು ಎಣ್ಣೆಬಟ್ಟೆಯ ಕೋಟು ತೊಟ್ಟು ಬೆನ್ನಿಗೆ ದಿಂಬು ತುರುಕಿಕೊಳ್ಳುತ್ತಾರೆ. ಮುಖಕ್ಕೆ ದಿಂಬಿನ ಚೀಲ, ಇಲ್ಲವೇ ಕಿಟಕಿಯ ಲೇಸು. ದನಿ ಗುರುತು ಸಿಗದಂತೆ ಉಸಿರು ಒಳಕ್ಕೆ ಎಳೆದುಕೊಳ್ಳುತ್ತ ಮಾತಾಡುತ್ತಾರೆ. ಮನೆಯವರು ಯಾರೆಂದು ಊಹಿಸಬೇಕು. ಸರಿಯಾಗಿ ಹೆಸರು ಹೇಳಿದರೆ ಮುಸುಕು ತೆಗೆಯಲೇಬೇಕು. ತಪ್ಪಾದರೆ ತಲೆ ಅಲ್ಲಾಡಿಸಿ ಮುಚ್ಚಿಕೊಂಡೇ ಇರಬಹುದು.

ಆರನೆಯ ದಿನದ ಸಂಜೆ ನಾನು ಆಬ್ನರ್ ಮಾವನ ಅಡುಗೆಮನೆಯಲ್ಲಿ ಕೇಕು ಕತ್ತರಿಸುತ್ತ ಇದ್ದೆ. ಬಾಗಿಲ ಹೊರಗೆ ಧಡಧಡ ಸದ್ದಾಯಿತು. "ವೇಷದೋರನ್ನ ಒಳಗೆ ಬಿಡ್ತೀರಾ?" ಎಂಬ ಎಳೆದ ಉಸಿರಿನ ದನಿ ಕೇಳಿತು. ಇಬ್ಬರು ದಪ್ಪ ಮದುವಣಗಿತ್ತಿಯರು ಆ ಉದ್ದ ಬೆಂಚನ್ನು ಓರೆಯಾಗಿ ಒಳಗೆ ತೂರಿಸಿ ಅಡುಗೆಮನೆಯ ನಡುವೆ ಇಳಿಸಿದರು. ಲಂಗದ ಕೆಳಗೆ ರಬ್ಬರ್ ಬೂಟು, ಒಂದರ ತುದಿಗೆ ತೇಪೆ. ಅದು ಲೂನ ಬೂಟೆಂದು ಕುರಿಗೂ ಗೊತ್ತಾಗುತ್ತಿತ್ತು.

ಆಬ್ನರ್ ಮಾವ ಕುರ್ಚಿಯಿಂದ ಏಳಲಿಲ್ಲ. ಬೆಂಚನ್ನು ನೋಡಿದರು, ಬೂಟನ್ನು ನೋಡಿದರು. ಮೂವತ್ತು ವರ್ಷ ಅದೇ ಕಾಲುಗಳ ಹಿಂದೆ ಹಳಿಯ ಮೇಲೆ ನಡೆದ ಮನುಷ್ಯ.

"ನೀನು... ವಿಲ್ಫ್ ಅಲ್ವಾ?" ಎಂದರು. ವಿಲ್ಫ್ ಟೊರಾಂಟೊಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು.

ಲೂ ತಲೆ ಅಲ್ಲಾಡಿಸಿದ. ಆದರೂ ತಡೆಯಲಾಗಲಿಲ್ಲ. "ವಿಲ್ಫ್ ನನಗಿಂತ ಗಿಡ್ಡ!" ಎಂದು ಉಸಿರೆಳೆದ.

"ಹಾಗಾದ್ರೆ ಗೊತ್ತಾಗ್ಲಿಲ್ಲಪ್ಪ" ಎಂದರು ಆಬ್ನರ್ ಮಾವ. "ಫೀನಾ, ಈ ಹೆಣ್ಣುಮಕ್ಕಳಿಗೆ ಏನಾದ್ರೂ ಬೆಚ್ಚಗಿನದು ಕೊಡು. ದೂರದಿಂದ ಬಂದ ಹಾಗಿದೆ."

ಮರುದಿನದಿಂದ ಸಾಲು. ಒಲೆಯನ್ನು ನಾಲ್ಕು ಜನ ಬಾಣಂತಿ ವೇಷದವರು ಹೊತ್ತು ತಂದರು. ಹಿತ್ತಾಳೆ ಸರಳನ್ನು ತಂದ ಗೂನು ಬೆನ್ನಿನ ಮೀನುಗಾರನ ಕೈಗವಸಿನ ಸಂದಿಯಿಂದ ಡಲ್ಸಿಯ ಉಂಗುರ ಹೊಳೆಯುತ್ತಿತ್ತು. ಕಲ್ಲಿದ್ದಲು ಬಕೆಟ್ಟು, ಸಾಮಾನು ತೂಗುವ ತಕ್ಕಡಿ, ನೀರಿನ ಹೂಜಿ ಬಂದವು. ಕೊನೆಗೆ ಸ್ಟೇಷನ್ನಿನ ಪಾಯಿಖಾನೆಯ ಬಾಗಿಲು. ಅದು ಹೋಗಿತ್ತೆಂದೇ ಯಾರಿಗೂ ಗೊತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಆಬ್ನರ್ ಮಾವ ಒಂದೊಂದು ತಪ್ಪು ಹೆಸರು ಹೇಳಿದರು. ಮೊದಮೊದಲು ಎಲ್ಲರೂ ನಕ್ಕರು. ಸಾಮಾನು ಬರತೊಡಗಿದ ಮೂರನೆಯ ದಿನದ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಅವರು ಹೇಳುತ್ತಿದ್ದುದು ಬಾಯಿಗೆ ಬಂದ ಹೆಸರಲ್ಲ. ವಿಲ್ಫ್, ಗಾರ್ಲಂಡ್, ಪಾರ್ಸನ್ಸ್ ಅಣ್ಣತಮ್ಮಂದಿರು, ಎಲ್ಲರೂ ಆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಿ ಹಿಂದಿರುಗದವರು.

ಹನ್ನೊಂದನೆಯ ದಿನ ನಾನು ನನ್ನ ಗಂಡನ ಕೋಟು ಹಾಕಿಕೊಂಡು, ಮುಖಕ್ಕೆ ಲೇಸು ಕಟ್ಟಿಕೊಂಡು ದೀಪ ತೆಗೆದುಕೊಂಡು ಹೋದೆ. ಬೇಲಿಯ ಸಂದಿಯಿಂದ ಹೋದರೆ ಗುರುತು ಸಿಕ್ಕೀತೆಂದು ರಸ್ತೆ ಸುತ್ತಿ ಹೋದೆ, ಅಷ್ಟು ಬುದ್ಧಿವಂತೆ. ದೀಪವನ್ನು ಮೇಜಿನ ಮೇಲೆ ಇಟ್ಟೆ. ಆಬ್ನರ್ ಮಾವ ಅದರ ಗಾಜನ್ನು ಮುಟ್ಟಿ ನೋಡಿದರು. ಐದು ವರ್ಷವೂ ನಾನು ಅದನ್ನು ಒರೆಸಿಟ್ಟಿದ್ದೆ.

"ಸ್ಟೆಲ್ಲಾನಾ?" ಎಂದರು.

ಸ್ಟೆಲ್ಲಾ ನನ್ನ ಅಕ್ಕ. ಐವತ್ತೊಂದನೆಯ ಇಸವಿಯಲ್ಲಿ ಮನೆಗೆಲಸಕ್ಕೆಂದು ಹ್ಯಾಲಿಫ್ಯಾಕ್ಸಿಗೆ ಹೋದಳು, ಅಲ್ಲೇ ತೀರಿಕೊಂಡಳು. ಅವಳು ರೈಲು ಹತ್ತಿದ ಮುಂಜಾನೆ ಇನ್ನೂ ಬೆಳಕಾಗಿರಲಿಲ್ಲ, ಆ ದೀಪದ ಕೆಳಗೆ ನಿಂತು ಟೋಪಿ ಸರಿಮಾಡಿಕೊಂಡಿದ್ದಳು. ತಲೆ ಅಲ್ಲಾಡಿಸಬೇಕಾದ ನಾನು ಅಲ್ಲಾಡಿಸಲಿಲ್ಲ. ಫೀನಾ ಅತ್ತೆ ನನ್ನ ಕೈಗೆ ಹಣ್ಣಿನ ಷರಬತ್ತು ಕೊಟ್ಟರು, ಲೇಸನ್ನು ಸ್ವಲ್ಪ ಎತ್ತಿಕೊಂಡು ಕುಡಿದು ಬಂದೆ.

ಜನವರಿ ಒಂಬತ್ತಕ್ಕೆ ಗಂಡಸರೆಲ್ಲ ಸೇರಿ ಸಾಮಾನನ್ನು ಹಿಮದ ಜಾರುಬಂಡಿಯಲ್ಲಿ ಸಾಗಿಸಿದರು. ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. "ಅಯ್ಯೋ, ಈ ಬೆಂಚು ಭಾರಾನಪ್ಪ!" ಎಂದ ಲೂ, ಜನ್ಮದಲ್ಲಿ ಮೊದಲ ಸಲ ಎತ್ತುವವನ ಹಾಗೆ. ಗೋಡೆಯ ಗಡಿಯಾರ ಮಾತ್ರ ಬರಲೇ ಇಲ್ಲ. ಅದು ಯಾರ ಮನೆಯಲ್ಲಿದೆ ಎಂದು ನನಗೆ ಗೊತ್ತು, ಬರೆಯುವುದಿಲ್ಲ.

ಅಧಿಕಾರಿ ಒಬ್ಬ ಹೆಂಗಸು, ಚಿಕ್ಕ ವಯಸ್ಸು, ಮೂಗು ಚಳಿಗೆ ಕೆಂಪಾಗಿತ್ತು. ಒಲೆಯ ಮುಂದೆ ಕೈ ಕಾಸಿಕೊಳ್ಳುತ್ತ ಸುತ್ತ ನೋಡಿದಳು.

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ! ಬೇರೆ ಕಡೆ ಎಲ್ಲಾ ಬರೀ ಗೋಡೆ. ಇದನ್ನೆಲ್ಲ ಯಾರು ಕಾಪಾಡಿದ್ದು?"

ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಆಬ್ನರ್ ಮಾವ ಸುಳ್ಳು ಹೇಳುವ ಮನುಷ್ಯ ಅಲ್ಲ. ಡಲ್ಸಿ ನೆಲ ನೋಡತೊಡಗಿದಳು.

"ಊರಿನೋರೇ ಕಾಪಾಡಿದ್ದು" ಎಂದರು ಆಬ್ನರ್ ಮಾವ. "ಬೆಂಕಿ ಇಲ್ಲದ ಮನೇಲಿ ಮರ ಕೊಳೆಯತ್ತೆ, ಕಬ್ಬಿಣ ತುಕ್ಕು ಹಿಡಿಯತ್ತೆ. ಒಬ್ಬೊಬ್ಬರು ಒಂದೊಂದು ತಗೊಂಡ್ಹೋಗಿ ಬೆಚ್ಚಗೆ ಇಟ್ಟಿದ್ರು. ಬೇಕು ಅಂದಾಗ ತಂದ್ಕೊಟ್ರು."

"ಅವರ ಹೆಸರು ಹೇಳ್ತೀರಾ? ಎಲ್ಲರಿಗೂ ಕಚೇರಿಯಿಂದ ಒಂದು ಧನ್ಯವಾದದ ಕಾಗದ ಕಳಿಸ್ತೀನಿ."

"ಹೆಸರು ನನಗೂ ಗೊತ್ತಿಲ್ಲಮ್ಮ. ಮುಖ ಮುಚ್ಕೊಂಡು ಬಂದಿದ್ರು."

ಆಕೆ ತಮಾಷೆ ಎಂದುಕೊಂಡು ನಕ್ಕಳು. ನಮ್ಮ ಪೈಕಿ ಯಾರೂ ನಗಲಿಲ್ಲ. ಲೂ ಮೂಗು ಒರೆಸಿಕೊಳ್ಳಲು ಹೊರಗೆ ಹೋದ.

ಏಪ್ರಿಲಿನಲ್ಲಿ ಪತ್ರ ಬಂತು, ಸ್ಟೇಷನ್ ಉಳಿಯಿತು. ಬೀಗದ ಕೈ ಆಬ್ನರ್ ಮಾವನ ಬಳಿಯೇ ಇತ್ತು. ಎಂಬತ್ತೊಂದನೆಯ ವಯಸ್ಸಿನವರೆಗೂ ಚಳಿಗಾಲದ ಬೆಳಿಗ್ಗೆ ಹೋಗಿ ಒಲೆ ಹಚ್ಚಿ ಬರುತ್ತಿದ್ದರು. ಕೊನೆಯ ವರ್ಷ ಮಂಡಿನೋವು ಜಾಸ್ತಿಯಾದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಇನ್ನು ತಡೆಯಲಾರದೆ ಕೇಳಿಬಿಟ್ಟೆ.

"ಮಾವ, ಆ ಕ್ರಿಸ್‌ಮಸ್ಸಿನಲ್ಲಿ ನಿಜವಾಗ್ಲೂ ಒಬ್ಬರ ಗುರುತೂ ಸಿಗ್ಲಿಲ್ವಾ?"

ಅವರು ಒಲೆಯ ಬಾಗಿಲು ತೆಗೆದು ಒಳಗೆ ಬಗ್ಗಿ ಊದಿದರು.

"ತೆಳ್ಳಗಿರೋ ಸೌದೆ ಒಂದು ಈಚೆ ಕೊಡು, ಬ್ಲಾಂಚ್" ಎಂದರು. "ಹತ್ಕೋತಾ ಇದೆ."