ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟ ಮಾವನ ಜೊತೆ ಹೂಗ್ಯಂಗೆ

ಭಾನುವಾರ ಬೆಳಿಗ್ಗೆ ಯಳಂದೂರು ಬಿಟ್ಟಾಗ ಕಾರಿನಲ್ಲಿ ನಾನು, ನನ್ನ ಗಂಡನ ಅಪ್ಪ, ಹಿಂದಿನ ಸೀಟಿನಲ್ಲಿ ಒಂದು ಹೊಲಿಗೆ ಮಿಷನ್ನು. ಮಾವ ಕುಳಿತವರೇ ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟರು. ನಾನು ಓಡಿಸುವಾಗ ಅವರ ಕೈಗೆ ಅದೇ ಜಾಗ. ಆಯಸ್ಸೆಲ್ಲ ಟ್ರ್ಯಾಕ್ಟರ್ ಓಡಿಸಿದವರು, ಸೊಸೆಯ ಪಕ್ಕ ಸುಮ್ಮನೆ ಕೂರುವುದು ಅವರಿಗೂ ಕಷ್ಟವೇ. ಆದರೂ ಆ ಕೈ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೂಗ್ಯಂ ಎಂಬ ಹಳ್ಳಿಯ ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸ ನನಗೆ ಸಿಕ್ಕಿತ್ತು, ವಾರಕ್ಕೆರಡು ದಿನ. ಪಾಠ ಮುಗಿಯುವ ಹೊತ್ತಿಗೆ ವಾಪಸ್ ಬಸ್ಸು ಸಿಗುವುದಿಲ್ಲ, ಕಾರೇ ಆಗಬೇಕು. ನಮ್ಮ ಕಾರೋ ಪವರ್ ಸ್ಟಿಯರಿಂಗ್ ಇಲ್ಲದ ಹಳೇ ಗಾಡಿ. ನನ್ನ ಎಡ ಮಣಿಕಟ್ಟೋ ಹೋದ ಮಳೆಗಾಲದಲ್ಲಿ ಮುರಿದು ಕೂಡಿಕೊಂಡದ್ದು. ತಿರುವು ಬಂದರೆ ಮೊಣಕೈವರೆಗೂ ನೋವು. "ಒಂದ್ಸಲ ನನ್ನ ಕೂರಿಸ್ಕಂಡು ಓಗಿ ಬಾ. ನಿನ್ ಕೈಲಿ ಆಗ್ನಿಲ್ಲ ಅಂದ್ರೆ ಆ ಕೆಲ್ಸ ಬ್ಯಾಡ" ಎಂದಿದ್ದರು ಮಾವ. ಗಂಡ ಅಪ್ಪನ ಮಾತಿಗೆ ತಲೆಯಾಡಿಸಿದ್ದ. ನನಗೆ ಆ ಕೆಲಸ ಬೇಕಾಗಿತ್ತು, ತುಂಬಾ ಬೇಕಾಗಿತ್ತು. ಕೆಲಸ ಗಟ್ಟಿಯಾದರೆ ಅಲ್ಲೇ ಬಿಟ್ಟು ಬರೋಣವೆಂದು ಮಿಷನ್ನನ್ನೂ ಹೇರಿಕೊಂಡಿದ್ದೆ.

ಕೊಳ್ಳೇಗಾಲ ಅರ್ಧ ಗಂಟೆಯ ದಾರಿ. ಇಡ್ಲಿ ತಿಂದು ಕಾರನ್ನು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟಿಗೆ ಬಿಟ್ಟೆವು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸ್ಟಿಯರಿಂಗನ್ನು ನೇರಕ್ಕೆ ಹಿಡಿದಿಡುವ ಅಂಗಡಿಯವರ ಕ್ಲಾಂಪು ಅದಕ್ಕೆ ಹಾಕಿದ್ದ ನನ್ನ ಕವರಿನ ಮೇಲೆ ಕೂರಲೇ ಇಲ್ಲ. ಕೈಗೆ ಮೆತ್ತಗಿರಲಿ ಎಂದು ಸ್ಪಂಜು ತುಂಬಿ ನಾನೇ ಹೊಲಿದಿದ್ದ ರೆಕ್ಸಿನ್ ಕವರು ಅದು, ದಿಂಬಿನ ದಪ್ಪ. ಅದನ್ನು ಬಿಚ್ಚಿ, ಚಕ್ರಗಳನ್ನು ನೇರ ಮಾಡಿ, ಗಾಳಿ ತುಂಬಿಸಿ ಕೊಟ್ಟರು. ಬರಿಯ ಸ್ಟಿಯರಿಂಗ್ ಹಿಡಿದು ರಸ್ತೆಗಿಳಿದರೆ ಬೇರೆಯದೇ ಕಾರು! ಕವರು ಡಿಕ್ಕಿ ಸೇರಿತು.

ಮಧುವನಹಳ್ಳಿ ದಾಟುವಾಗ ಮೋಡ ಕವಿದು ತಣ್ಣಗಿತ್ತು. ರಸ್ತೆಯ ಸಣ್ಣ ತಗ್ಗು, ಜಲ್ಲಿ, ಎಲ್ಲ ಅಂಗೈಗೆ ತಿಳಿಯುತ್ತಿತ್ತು. ಸೂಜಿಯಡಿ ಸಾಗುವ ಬಟ್ಟೆಯಲ್ಲಿ ಗಂಟು ಸಿಕ್ಕಿದರೆ ಬೆರಳಿಗೆ ಗೊತ್ತಾಗುತ್ತದಲ್ಲ, ಹಾಗೆ. ಬೆರಳಲ್ಲಿ ತಿದ್ದಿದರೆ ಸಾಕು, ಗಾಡಿ ಮಾತು ಕೇಳುತ್ತಿತ್ತು. ಹನೂರಿನವರೆಗೆ ನೋವೇ ಇಲ್ಲ. ಮಾವನ ಕೈ ಮಾತ್ರ ಇದ್ದಲ್ಲೇ ಇತ್ತು.

ಕೌದಳ್ಳಿಯಲ್ಲಿ ಟೀಗೆ ನಿಲ್ಲಿಸಿದೆವು. ದುಡ್ಡು ಕೊಟ್ಟು ಬರುವಷ್ಟರಲ್ಲಿ ಮಾವ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೊಳೆಯಿಂದ ಟೈರಿನ ವಾಲ್ವ್ ಒತ್ತಿ ಗಾಳಿ ಬಿಡುತ್ತಿದ್ದರು. ಮೂರು ಟೈರು ಆಗಲೇ ಮುಗಿದಿತ್ತು. "ಮುಂದೆ ಕಲ್ ದಾರಿ ಕಣವ್ವ. ಗಾಳಿ ಕಮ್ಮಿ ಇದ್ರೆ ಮೆತ್ಗೆ ಓಯ್ತದೆ" ಎಂದರು. ಕೆಸರುಗದ್ದೆಗೆ ಟ್ರ್ಯಾಕ್ಟರ್ ಇಳಿಸುವ ಮುಂಚೆ ಅವರು ಮಾಡುತ್ತಿದ್ದ ಕೆಲಸ ಅದು, ಹಿಡಿತ ಸಿಗಲಿ ಎಂದು. ಹಿರಿಯರು, ಏನೆನ್ನುವುದು? ನಾಲ್ಕನೆಯದೂ ಮುಗಿದ ಮೇಲೆ ಹೊರಟೆ.

ಗಾಳಿ ಇಳಿದ ಟೈರುಗಳಿಂದಾಗಿ ಸ್ವಲ್ಪ ದೂರದಲ್ಲೇ ಸ್ಟಿಯರಿಂಗ್ ಕಲ್ಲಿನಂತಾಯಿತು. ಒಂದು ತಿರುವಿನಲ್ಲಿ ಮೇಕೆ ಮಂದೆ ಎದುರಾಯಿತು. ತಿರುಗಿಸಿದೆ, ಕಾರು ತಡವಾಗಿ ತಿರುಗಿತು, ಮಣಿಕಟ್ಟು ಚುಳ್ ಎಂದಿತು. ಮೋರಿಯ ಅಂಚಿಗೆ ಗೇಣು ದೂರದಲ್ಲಿ ನಿಂತೆವು. ಮಾವ ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟಿದ್ದರು.

ಈಗ ಹೇಳದಿದ್ದರೆ ಕೆಲಸ ಹೋಯಿತು ಅನ್ನಿಸಿತು. "ಮಾವ, ಇದು ಗದ್ದೆ ಅಲ್ಲ. ಕೌದಳ್ಳಿ ಗಂಟ ನನ್ ಕೈಲಿ ಆಗಿತ್ತು. ನೀವೇ ಒಂದ್ ಸುತ್ತು ಓಡ್ಸಿ ನೋಡಿ" ಎಂದೆ. ಅವರ ಎದುರು ಅಷ್ಟು ನೇರವಾಗಿ ನಾನು ಎಂದೂ ಮಾತಾಡಿದವಳಲ್ಲ.

ಅವರು ಸೀಟು ಬದಲಿಸಿದರು. ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಷ್ಟರಲ್ಲಿ ಅವರ ಕತ್ತಿನ ನರ ಉಬ್ಬಿತು. ಇಳಿದು ನಾಲ್ಕೂ ಟೈರು ನೋಡಿದರು. ಆಮೇಲೆ ಡಿಕ್ಕಿಯಿಂದ ಕಾಲುಪಂಪು ತೆಗೆದು ಒಂದೊಂದಕ್ಕೂ ತಾವೇ ತುಳಿಯತೊಡಗಿದರು. ನಾನು ತುಳಿಯುತ್ತೇನೆ ಎಂದರೆ ಬಿಡಲಿಲ್ಲ.

"ನಿನ್ ಕೈದಲ್ಲ ತಪ್ಪು," ಬೆವರು ಒರೆಸಿಕೊಳ್ಳುತ್ತಾ ಹೇಳಿದರು, "ಗಾಡಿನ ಬಾರ ಮಾಡ್ದೋನು ನಾನೆ." ಮತ್ತೆ ನನ್ನ ಕೈಗೆ ಬೀಗದಕೈ ಕೊಟ್ಟರು.

ಉಳಿದ ದಾರಿಯಲ್ಲಿ ಕಾರು ಕುಲುಕಿತು ನಿಜ, ಆದರೆ ತಿರುಗಿಸಿದ ಕಡೆ ತಿರುಗಿತು. ಹೂಗ್ಯಂನಲ್ಲಿ ಹೆಂಗಸರು ಕಾಯುತ್ತಿದ್ದರು. ಅಲ್ಲಿನ ಇಕ್ಕಟ್ಟಾದ ಅಂಗಳದಲ್ಲಿ ನಿಧಾನವಾಗಿ ಕಾರು ತಿರುಗಿಸಿ ನಿಲ್ಲಿಸಿದೆ. ಮಣಿಕಟ್ಟು ಸ್ವಲ್ಪ ಜುಮ್ ಎಂದಿತು, ಅಷ್ಟೆ. ಮುದ್ದೆ, ಅವರೆಕಾಳು ಸಾರಿನ ಊಟವಾಯಿತು. ಹೊರಡುವಾಗ ಆ ಹೆಂಗಸರಲ್ಲೊಬ್ಬಳು, "ನೀವು ಬರಾದು ಗ್ಯಾರಂಟಿನಾ ಅಕ್ಕ?" ಎಂದಳು. ನಾನು ಮಾವನ ಮುಖ ನೋಡಿದೆ. ಅವರು ಹಿಂದಿನ ಬಾಗಿಲು ತೆಗೆದರು.

"ಈ ಮಿಷನ್ನ ಇಳಿಸ್ಕಳ್ರವ್ವ. ಇನ್ನೊಂದ ಬರೋ ವಾರ ಅವ್ಳೇ ತತ್ತಾಳೆ."

ನಾನು ಬಲಗೈಯಲ್ಲಿ ಮಿಷನ್ನಿನ ಒಂದು ತುದಿ ಹಿಡಿದೆ.

ವಾಪಸು ಬರುವಾಗ ಹನೂರಿನಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡೆವು. ಮಧುವನಹಳ್ಳಿಯ ಹತ್ತಿರ ಬಿಸಿಲು ಇಳಿದಿತ್ತು. ಒಂದು ತಿರುವಿನಲ್ಲಿ, ಅಭ್ಯಾಸಬಲದಿಂದ, ಹ್ಯಾಂಡ್‌ಬ್ರೇಕಿನತ್ತ ಕಣ್ಣು ಹಾಯಿಸಿದೆ. ಅಲ್ಲಿ ಕೈ ಇರಲಿಲ್ಲ. ಮಾವ ಎರಡೂ ಕೈಯಲ್ಲಿ ಕಡಲೆಕಾಯಿ ಬಿಡಿಸುತ್ತಾ, ಕಾಳುಗಳನ್ನು ನನಗೆಂದು ಗೇರಿನ ಪಕ್ಕ ಲೋಟ ಇಡುವ ಗುಳಿಯಲ್ಲಿ ಕೂಡಿಡುತ್ತಿದ್ದರು.